ಮೊದಲ ರಾತ್ರಿಯೇ ಕಷ್ಟ

ಹುಡುಗಿಯರು ಮೊದಲ ಸಲ ವಿದೇಶಕ್ಕೆ ಹೋಗುವಾಗ ಟೂರ್ ಪ್ಯಾಕೇಜಿನಲ್ಲೇ ಹೋಗಲಿ ಎಂದು ಬರೆದಿದ್ದೀರಿ ಸರ್. ನಾನು ಒಪ್ಪುವುದಿಲ್ಲ.

ನಾನು ಚಿಕ್ಕಬಳ್ಳಾಪುರದವಳು. ದೇವನಹಳ್ಳಿಯ ವಿಮಾನಗಳನ್ನು ನೋಡುತ್ತಲೇ ಬೆಳೆದೆ. 23ನೇ ವಯಸ್ಸಿನಲ್ಲಿ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ವಿಯೆಟ್ನಾಂಗೆ ಹೊರಟೆ. ಹನೋಯ್‌ನಲ್ಲಿ ಇಳಿದ ಕೂಡಲೇ ಎಟಿಎಂನಲ್ಲಿ ಕಾರ್ಡ್ ನಡೆಯಲಿಲ್ಲ. ನಮ್ಮ ಹೊಸ ಕಾರ್ಡ್‌ಗಳಲ್ಲಿ ವಿದೇಶದ ಬಳಕೆ ಬಂದ್ ಆಗಿಯೇ ಬರುತ್ತದೆ, ಅದನ್ನು ನಾವೇ ಆನ್ ಮಾಡಿಸಬೇಕು. ನನಗೆ ಗೊತ್ತಿರಲಿಲ್ಲ. ಅಮ್ಮ ಹಟ ಹಿಡಿದು ತೆಗೆಸಿಕೊಟ್ಟಿದ್ದ 100 ಡಾಲರ್ ಕೈ ಹಿಡಿಯಿತು. ಆ ರಾತ್ರಿ ಹಾಸ್ಟೆಲ್ ಮಂಚದ ಮೇಲೆ ಮುಸುಕು ಹಾಕಿಕೊಂಡು ತುಂಬಾ ಅತ್ತೆ. ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ ಅಷ್ಟೇ, ಆದರೂ ಮನೆ ಎಷ್ಟು ದೂರ ಅನಿಸಿತು!

ಬೆಳಗ್ಗೆ ಭಯ ಅರ್ಧಕ್ಕರ್ಧ ಇಳಿದಿತ್ತು.

ಊಟದ ಕಷ್ಟ ಮಾತ್ರ ನಿಜ. ನಾನು ಮಾಂಸ ತಿನ್ನುವುದಿಲ್ಲ. ಅಲ್ಲಿ ಸೊಪ್ಪು ಹುರಿದರೂ ಮೀನಿನ ಸಾಸ್ ಬೀಳುವುದು ಜಾಸ್ತಿ. 'ಚಾಯ್' ಎಂದರೆ ಅವರ ಭಾಷೆಯಲ್ಲಿ ಸಸ್ಯಾಹಾರ. ಆ ಬೋರ್ಡ್ ಇರುವ ಅಂಗಡಿ ಹುಡುಕಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಗೆ ಅಲ್ಲೂ ಎಷ್ಟೋ ಜನ ಮಾಂಸ ಬಿಡುತ್ತಾರೆ, ನಮ್ಮಜ್ಜಿಯ ಹಾಗೇ. ಇದನ್ನು ಹೇಳಿದ್ದು ರಾತ್ರಿ ರೈಲಿನಲ್ಲಿ ಎದುರಿಗೆ ಕೂತಿದ್ದ ಒಬ್ಬ ಅಮ್ಮ, ಫೋನಿನಲ್ಲಿ ಅನುವಾದ ಮಾಡಿ ತೋರಿಸುತ್ತಾ. ಪ್ಯಾಕೇಜಿನ ಬಸ್ಸಿನಲ್ಲಿ ಅವರು ಸಿಗುತ್ತಿದ್ದರಾ?

ಹೊರಡುವ ತಂಗಿಯರಿಗೆ ಇಷ್ಟು ಹೇಳುತ್ತೇನೆ: ಮೊದಲ ಎರಡು ರಾತ್ರಿಯ ರೂಮ್ ಇಲ್ಲಿಂದಲೇ ಬುಕ್ ಮಾಡಿ. ವಿಮಾನ ಹಗಲು ಹೊತ್ತು ಇಳಿಯುವಂಥದ್ದೇ ಇರಲಿ. ಇ-ವೀಸಾದ ಎರಡು ಪ್ರಿಂಟ್ ತೆಗೆದು, ಒಂದನ್ನು ಅಮ್ಮನ ಕೈಯಲ್ಲಿ ಕೊಟ್ಟು ಹೋಗಿ.