ಬಸ್ ಬಂತು, ಶೂ ಎಲ್ಲಿ?

ಶಾಲಾ ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದೆ ಒಂದು ಬೋರ್ಡು ಇರುತ್ತದೆ. ಕೈ, ತಲೆ ಹೊರಗೆ ಹಾಕಬೇಡಿ, ಓಡುವ ಬಸ್ಸಿನಲ್ಲಿ ನಿಲ್ಲಬೇಡಿ, ಡ್ರೈವರ್ ಜೊತೆ ಮಾತಾಡಬೇಡಿ. ಒಂದನೇ ಕ್ಲಾಸಿನ ಮಗು ಅಕ್ಷರ ಕೂಡಿಸಿ ಇದನ್ನು ಓದಿ ಮುಗಿಸುವಾಗ ಬಸ್ಸು ಮಂಗಳೂರಿನ ಪಂಪ್‌ವೆಲ್ ದಾಟಿರುತ್ತದೆ. ನಿಜವಾಗಿ ಓದಬೇಕಾದ ಅಪ್ಪ ಅಮ್ಮ ಬಸ್ಸು ಹತ್ತುವುದೇ ಇಲ್ಲ. ಅವರು ಗೇಟಿನ ಹತ್ತಿರ ಒಂದು ಕೈಯಲ್ಲಿ ಶೂ, ಇನ್ನೊಂದರಲ್ಲಿ ಅರ್ಧ ತಿಂದ ಬನ್ಸ್ ಹಿಡಿದುಕೊಂಡು "ಒಂದು ನಿಮಿಷ ಅಣ್ಣಾ" ಎನ್ನುತ್ತಾ ಇರುತ್ತಾರೆ. ಬಸ್ಸಿನ ನಿಯಮಗಳಲ್ಲಿ ಮುಕ್ಕಾಲು ಪಾಲು ಮುರಿಯುವುದು ಬಸ್ಸಿನಲ್ಲಲ್ಲ, ಮನೆಯಂಗಳದಲ್ಲಿ.

ಆ ಒಂದು ನಿಮಿಷದ ಲೆಕ್ಕ ನೋಡಿ. ರೂಟಿನಲ್ಲಿ 14 ಸ್ಟಾಪ್ ಉಂಟು ಎಂದಿಟ್ಟುಕೊಳ್ಳಿ. ಒಂದೊಂದರಲ್ಲಿ ಅರ್ಧ ನಿಮಿಷ ಹೋದರೂ ಕೊನೆಯ ಸ್ಟಾಪಿನ ಮಗು ಆರೂವರೆ ನಿಮಿಷ ಹೆಚ್ಚು ಮಳೆಯಲ್ಲಿ ನಿಲ್ಲಬೇಕು. ಹೋದ ಸಮಯವನ್ನು ಡ್ರೈವರ್ ಓಡಿಸಿ ಹಿಡಿಯುತ್ತಾನೆ ಎನ್ನುವ ಹಾಗೂ ಇಲ್ಲ. ಶಾಲಾ ಬಸ್ಸಿಗೆ ಗಂಟೆಗೆ 40 ಕಿ.ಮೀ. ಮಿತಿ, ಅದನ್ನು ಕಾಯಲು ಸ್ಪೀಡ್ ಗವರ್ನರ್. 1997ರ ಸುಪ್ರೀಂ ಕೋರ್ಟ್ ಆದೇಶದಿಂದ ಬಂದದ್ದು ಇದು. ಡ್ರೈವರನಿಗೆ ಭಾರೀ ವಾಹನ ಓಡಿಸಿ ಕನಿಷ್ಠ 5 ವರ್ಷದ ಅನುಭವ ಬೇಕು ಎಂಬುದೂ ಅಲ್ಲಿನದೇ. "ನಮ್ಮ ಬಸ್ಸು ಆಮೆಯ ಹಾಗೆ ಹೋಗುತ್ತದೆ" ಎಂದು ದೂರುವವರೂ ಗೇಟಿನಲ್ಲಿ ಶೂ ಹಿಡಿದು ನಿಂತವರೂ ಸಾಮಾನ್ಯವಾಗಿ ಒಂದೇ ಮನೆಯವರು.

ಸಾಕ್ಸ್, ಶೂ, ಐಡಿ ಕಾರ್ಡ್, ಈ ಮೂರನ್ನು ರಾತ್ರಿಯೇ ಬಾಗಿಲ ಹತ್ತಿರ ಒಂದೇ ಜಾಗದಲ್ಲಿ ಇಟ್ಟರೆ ಬೆಳಿಗ್ಗೆ ಬಸ್ಸಿಗಿಂತ 5 ನಿಮಿಷ ಮೊದಲು ಸ್ಟಾಪ್ ಮುಟ್ಟಬಹುದು. ನಿಲ್ಲುವುದು ರಸ್ತೆಯ ಅಂಚಿನಿಂದ ನಾಲ್ಕೈದು ಹೆಜ್ಜೆ ಹಿಂದೆ. ಬಸ್ಸು ತಿರುಗುವಾಗ ಹಿಂದಿನ ಚಕ್ರ ಮುಂದಿನದರ ದಾರಿಯಲ್ಲಿ ಬರುವುದಿಲ್ಲ, ಒಳಗಿಂದ ಕತ್ತರಿಸಿಕೊಂಡು ಬರುತ್ತದೆ. ಮೂಲೆಯಲ್ಲಿ ನಿಂತವರ ಕಾಲಿಗೆ ಅದೇ ಅಪಾಯ. ಮಳೆಗಾಲದಲ್ಲಿ ಕೆಸರು ನೀರಿನ ಅಭಿಷೇಕವೂ ತಪ್ಪುತ್ತದೆ.

ಜೂನ್ ಬಂತೆಂದರೆ ಕೊಡೆ, ರೈನ್‌ಕೋಟಿನ ಪ್ರಕರಣಗಳು ಸುರು. ಬ್ಯಾಗಿನ ಮೇಲಿಂದ ರೈನ್‌ಕೋಟ್ ಹಾಕಿದ ಮಗು ಸಣ್ಣ ಒಂಟೆ. ಬಾಗಿಲಲ್ಲಿ ಅದು ಸಿಕ್ಕಿಕೊಳ್ಳುತ್ತದೆ, ಹಿಂದಿನ ಮಗು ದೂಡುತ್ತದೆ, ಅದರ ಹಿಂದಿನ ಮಗು ಇನ್ನೂ ಬಿಡಿಸಿಯೇ ಇರುವ ಕೊಡೆಯನ್ನು ಇಬ್ಬರ ಬೆನ್ನಿಗೆ ಚುಚ್ಚುತ್ತದೆ. ಕೊಡೆ ಮುಚ್ಚುವುದು ಮೆಟ್ಟಿಲು ಹತ್ತುವ ಮೊದಲು. ತುದಿ ಕೆಳಗೆ ಮಾಡಿ ಆಯಾನ ಕೈಗೆ ಕೊಟ್ಟು, ಖಾಲಿಯಾದ ಕೈಯಲ್ಲಿ ಕಂಬಿ ಹಿಡಿದು ಹತ್ತಬೇಕು. ಒದ್ದೆ ಮೆಟ್ಟಿಲಿನಲ್ಲಿ ಜಾರುವ ಮಕ್ಕಳನ್ನು ನೋಡಿ, ಎರಡೂ ಕೈ ತುಂಬಿರುತ್ತದೆ. ರೈನ್‌ಕೋಟಿನ ನೇತಾಡುವ ದಾರ, ಬ್ಯಾಗಿನ ಉದ್ದ ಪಟ್ಟಿ, ಅದಕ್ಕೆ ಜೋತುಬಿದ್ದ ಕರಡಿಗೊಂಬೆ, ಇವು ಇಳಿಯುವಾಗ ಬಾಗಿಲಿಗೆ ಸಿಕ್ಕಿಕೊಳ್ಳುವ ವಸ್ತುಗಳು. ದಾರವನ್ನು ಮನೆಯಲ್ಲೇ ಕತ್ತರಿಸಿ. ಕರಡಿಯ ವಿಷಯ ಮಗುವಿನೊಂದಿಗೆ ಮಾತಾಡಿ ಇತ್ಯರ್ಥ ಮಾಡಿಕೊಳ್ಳಬೇಕು, ಸುಲಭವಿಲ್ಲ.

ಒಳಗೆ ಹೋದ ಮೇಲೆ ಸ್ಟೀಲ್ ಬಾಟಲಿಯ ಆಳ್ವಿಕೆ. ಬ್ಯಾಗಿನ ಬದಿಯ ಬಲೆ ಜೇಬಿನಿಂದ ಜಾರಿದ ಬಾಟಲಿ ಇಳಿಜಾರು ಸಿಕ್ಕಿದ ಕೂಡಲೇ ಟಣ್ ಟಣ್ ಎಂದು ಸೀಟುಗಳಡಿಯಿಂದ ಮುಂದೆ ಹೊರಡುತ್ತದೆ. ಅದರ ಹಿಂದೆ ನಾಲ್ಕು ಕಾಲಿನಲ್ಲಿ ಅದರ ಯಜಮಾನ. ಇಬ್ಬರಲ್ಲಿ ಯಾರು ಮೊದಲು ಮುಂದೆ ಮುಟ್ಟುತ್ತಾರೆ ಎಂದು ಹಿಂದಿನವರು ಪಂದ್ಯ ಕಟ್ಟುತ್ತಾರೆ. ನೋಡಲು ಚಂದ. ಆದರೆ ಆ ಬಾಟಲಿ ಬ್ರೇಕ್ ಪೆಡಲಿನ ಅಡಿಯಲ್ಲಿ ಹೋಗಿ ಕೂತರೆ ಪೆಡಲ್ ಪೂರ್ತಿ ಕೆಳಗಿಳಿಯುವುದಿಲ್ಲ. ಬಾಟಲಿ ಹೊರಟಿರುವುದೂ ಇಳಿಜಾರಿನಲ್ಲೇ. ಹಾಗಾಗಿ ಬಾಟಲಿ ಬ್ಯಾಗಿನ ಒಳಗೆ, ಬ್ಯಾಗು ಸೀಟಿನ ಅಡಿಗೆ. ಬ್ಯಾಗಿಗೆ ಜಾಗ ಇರಬೇಕೆಂದು ನಿಯಮದಲ್ಲೇ ಉಂಟು. ಬೆನ್ನಿಗೆ ಬ್ಯಾಗು ಹಾಕಿಕೊಂಡೇ ಕೂತ ಮಗುವಿಗೆ ಸೀಟಿನ ಅಂಚು ನಾಲ್ಕು ಬೆರಳು ಮಾತ್ರ ಸಿಗುತ್ತದೆ, ಬ್ರೇಕ್ ಹಾಕಿದಾಗ ಮೂಗು ಮುಂದಿನ ಸೀಟಿನ ಕಂಬಿಗೆ. ಬಾಟಲಿ ಬಿದ್ದರೆ ಹಿಂದೆ ಓಡದೆ ಆಯಾನಿಗೆ ಹೇಳಬೇಕು ಎಂದು ಮನೆಯಲ್ಲಿ ಹತ್ತು ಸಲ ಹೇಳಿಸಿ.

ಕೊನೆಯ ಸೀಟಿನ ಮೋಹಕ್ಕೆ ಕಾರಣ ರಸ್ತೆಯ ಹಂಪು. ಡ್ರೈವರ್ ಮುಂದಿನ ಚಕ್ರಕ್ಕೆ ನಿಧಾನ ಮಾಡುತ್ತಾನೆ, ಅದು ಇಳಿದ ಕೂಡಲೇ ಆಕ್ಸಿಲರೇಟರ್ ಒತ್ತುತ್ತಾನೆ. ಹಿಂದಿನ ಚಕ್ರ ಹಂಪು ಹತ್ತುವುದು ಆಗ. ಕೊನೆಯ ಸೀಟು ಹಿಂದಿನ ಆಕ್ಸಲ್‌ನಿಂದಲೂ ಆಚೆಗೆ ಚಾಚಿಕೊಂಡಿರುವುದರಿಂದ ಮುಂದಿನವರಿಗೆ ಕುಲುಕಾಟ, ಹಿಂದಿನವರಿಗೆ ಹಾರಾಟ. ರೂಟಿನ ಪ್ರತಿ ಹಂಪನ್ನೂ ಅವರು ಬಲ್ಲರು. ಬರುವ ಎರಡು ಸೆಕೆಂಡ್ ಮೊದಲೇ ಸೀಟಿನಿಂದ ಅರ್ಧ ಎದ್ದು ತಯಾರಾಗುತ್ತಾರೆ, ತಲೆ ಮೇಲಿನ ಕಂಬಿಗೆ ಬಡಿಯುವುದು ಹಾಗೆ. ವಾಂತಿಯ ಕಥೆಯೂ ಇಲ್ಲಿಯದೇ. ಕಣ್ಣು ಪುಸ್ತಕ ನೋಡುತ್ತಾ ನಾವು ಕೂತಿದ್ದೇವೆ ಎನ್ನುತ್ತದೆ, ಒಳಕಿವಿ ಇಲ್ಲ ಓಡುತ್ತಿದ್ದೇವೆ ಎನ್ನುತ್ತದೆ; ಇವರ ಜಗಳದಲ್ಲಿ ಹೊರಬೀಳುವುದು ಬೆಳಿಗ್ಗೆ ತಿಂದ ಆರು ನೀರುದೋಸೆ. ಅಂಥ ಮಗುವಿಗೆ ಎರಡೇ ದೋಸೆ, ಮುಂದಿನ ಸೀಟು, ದೂರದ ರಸ್ತೆಯ ಮೇಲೆ ಕಣ್ಣು, ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ. ಹೋಮ್‌ವರ್ಕ್ ಬಸ್ಸಿನಲ್ಲಿ ಬರೆಯುವುದು ಬೇಡವೇ ಬೇಡ. ಅಕ್ಷರ ನೋಡಿದರೆ ಟೀಚರಿಗೆ ಯಾವ ಹಂಪಿನಲ್ಲಿ ಬರೆದದ್ದು ಎಂದೂ ಗೊತ್ತಾಗುತ್ತದೆ.

ಇಳಿಯುವ ಹೊತ್ತಿನ ಒಂದು ತಪ್ಪಿಗೆ ಮಾತ್ರ ನಗು ಬರುವುದಿಲ್ಲ. ಅಮ್ಮ ರಸ್ತೆಯ ಆಚೆ ಬದಿಯಲ್ಲಿ ನಿಂತು "ಬಾ ಮಗಾ" ಎಂದು ಕೈ ಬೀಸುತ್ತಾರೆ. ಮಗುವಿಗೆ ಅಮ್ಮ ಕಾಣುತ್ತಾರೆ, ರಸ್ತೆ ಕಾಣುವುದಿಲ್ಲ. ನಿಂತ ಶಾಲಾ ಬಸ್ಸನ್ನು ಬದಿಗೆ ಹಾಕಿ ಟೈಮಿಂಗ್ ಹಿಡಿಯಲು ಓಡುವ ಸರ್ವಿಸ್ ಬಸ್ಸು ನುಗ್ಗುವುದು ಅದೇ ಗಳಿಗೆಯಲ್ಲಿ. ಕಾಯುವವರು ಬಸ್ಸಿನ ಬಾಗಿಲು ಇರುವ ಬದಿಯಲ್ಲೇ ಕಾಯಬೇಕು, ಕೈ ಹಿಡಿದುಕೊಳ್ಳಬೇಕು, ಬಸ್ಸು ಹೋದ ಮೇಲೆ ದಾಟಬೇಕು. ಬಸ್ಸಿನ ಮುಂದೆ ಹೋಗಲೇಬೇಕಾದರೆ ಹತ್ತು ದೊಡ್ಡ ಹೆಜ್ಜೆ ಮುಂದಕ್ಕೆ. ಎತ್ತರದಲ್ಲಿ ಕೂತ ಡ್ರೈವರಿಗೆ ಬಂಪರಿನ ಬುಡದಲ್ಲಿರುವ ಪುಟ್ಟ ಮಗು ಕಾಣುವುದಿಲ್ಲ. ಡ್ರೈವರ್ ಮುಖ ನಿನಗೆ ಕಾಣದಿದ್ದರೆ ಅವರಿಗೆ ನೀನೂ ಕಾಣುವುದಿಲ್ಲ, ಇಷ್ಟು ಹೇಳಿದರೆ ಯುಕೆಜಿಗೂ ಅರ್ಥವಾಗುತ್ತದೆ. 2016ರ ಜೂನ್ 21ರಂದು ಕುಂದಾಪುರದ ಹತ್ತಿರ ತ್ರಾಸಿಯಲ್ಲಿ ಶಾಲಾ ವ್ಯಾನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ 8 ಮಕ್ಕಳು ತೀರಿಕೊಂಡರು. ಕರಾವಳಿಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ದೂರಿನ ಫೋನು. ಮಗ ಕಿಟಕಿ ಸೀಟಿಗಾಗಿ ಹೊಡೆದಾಡಿದ ಎಂದು ಶಾಲೆಯಿಂದ ಫೋನ್ ಬಂದರೆ ಉತ್ತರ ಸಿದ್ಧವಾಗಿರುತ್ತದೆ: "ನಮ್ಮವ ಮನೆಯಲ್ಲಿ ಬಾಯಿಯೇ ಬಿಡುದಿಲ್ಲ ಮಾರಾಯ್ರೆ." ಸರಿ, ಬಸ್ಸಿನಲ್ಲಿ ಅವನು ಬಾಯಿ ಬಿಡಲಿಲ್ಲ, ಕೈ ಬಿಟ್ಟ. "ಯಾರು ಸುರು ಮಾಡಿದ್ದು?" ಎಂದು ಕೇಳಿದರೆ ಪ್ರಯೋಜನವಿಲ್ಲ, ಯಾವತ್ತೂ ಬೇರೆಯವನೇ. ಕೇಳಬೇಕಾದ್ದು ನಾಲ್ಕು: ನೀನು ಯಾವ ಸೀಟಲ್ಲಿ ಇದ್ದೆ? ಪಕ್ಕದಲ್ಲಿ ಯಾರು? ಅವ ಎಂತ ಮಾಡಿದ? ಅದಕ್ಕೆ ಮುಂಚೆ ನೀನು ಎಂತ ಮಾಡಿದ್ದೆ? ನಾಲ್ಕನೆಯದು ಬರುವಾಗ ಮಗನಿಗೆ ವಿಪರೀತ ಬಾಯಾರಿಕೆಯಾಗುತ್ತದೆ. ನೀರು ಕೊಡಿ, ಉತ್ತರ ಬರುವವರೆಗೆ ಅಲ್ಲೇ ಕೂತಿರಿ.

ನಮ್ಮ ಕಡೆಯಿಂದ ದೂರು ಇದ್ದರೆ ಬಸ್ಸು ಓಡಿಸುತ್ತಿರುವ ಡ್ರೈವರನಿಗೆ ಫೋನ್ ಮಾಡಬಾರದು, ಸ್ಟಾಪಿನಲ್ಲಿ ಬಾಗಿಲಿಗೆ ಅಡ್ಡ ನಿಂತು ವಿಚಾರಣೆಯೂ ಬೇಡ. ಹಿಂದೆ ಹಾರ್ನುಗಳ ಮೆರವಣಿಗೆ ನಿಂತಿರುತ್ತದೆ. ಶಾಲೆಯಲ್ಲಿ ಬಸ್ಸು ನೋಡಿಕೊಳ್ಳುವವರಿಗೆ ದಿನಾಂಕ, ರೂಟ್ ನಂಬರ್, ಸೀಟು, ಆದದ್ದು, ಇಷ್ಟನ್ನು ಅದೇ ದಿನ ಬರೆದು ಕೊಟ್ಟು, ಎರಡು ವಾರ ಸೀಟು ಬದಲಾಯಿಸಲು ಕೇಳಿ. ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರೆ ರಾತ್ರಿಯೊಳಗೆ ಎಂಟು ಮನೆಗಳ ಜಗಳ. ಊಟಕ್ಕೆ ಕೂತಾಗ "ಆ ಆಯಾನಿಗೆ ಎಂತ ಗೊತ್ತುಂಟು" ಎಂದು ಅಪ್ಪ ಅಂದ ಮಾತು ಮರುದಿನ ಬೆಳಿಗ್ಗೆ ಮಗುವಿನ ಜೊತೆ ಬಸ್ಸು ಹತ್ತುತ್ತದೆ, ಆಮೇಲೆ ಆಯಾನ "ಕೂತ್ಕೊ" ಎಂಬ ಮಾತಿಗೆ ಕವಡೆ ಬೆಲೆಯಿಲ್ಲ. ನಂಬಿಕೆ ಬಾರದವರು ಒಂದು ದಿನ ಹೋಗಿ ನೋಡಬಹುದು. ಸುರಕ್ಷತೆ ನೋಡಲು ಪೋಷಕರೂ ಬಸ್ಸಿನಲ್ಲಿ ಹೋಗಬಹುದು ಎಂದು ಶಾಲೆಗಳಿಗೆ ಬಂದ ಮಾರ್ಗಸೂಚಿಯಲ್ಲಿದೆ. 40 ಮಕ್ಕಳ ಗದ್ದಲದಲ್ಲಿ ಅರ್ಧ ಗಂಟೆ ಕೂತು ಇಳಿದ ಅಪ್ಪ ಆಯಾನಿಗೆ ಕೈ ಮುಗಿಯುತ್ತಾನೆ.

ಜೋರು ಮಳೆಗೆ ಜಿಲ್ಲಾಧಿಕಾರಿ ಕೊಡುವ ಡಿಸಿ ರಜೆಯ ಬೆಳಿಗ್ಗೆಗೂ ಒಂದು ತಯಾರಿ ಬೇಕು. ಬಸ್ಸು ಅರ್ಧ ಮಕ್ಕಳನ್ನು ಹತ್ತಿಸಿಕೊಂಡ ಮೇಲೆ ರಜೆ ಘೋಷಣೆಯಾದರೆ ವಾಪಸ್ ಬಂದ ಮಗುವಿನ ಮನೆಗೆ ಬೀಗ. ಮಗುವನ್ನು ಬರಮಾಡಿಕೊಳ್ಳುವ ಎರಡನೆಯ ಒಬ್ಬರ ಹೆಸರು, ಫೋನ್ ನಂಬರು ಶಾಲೆಯಲ್ಲಿ ಮೊದಲೇ ಇರಬೇಕು, ಮತ್ತು ಅವರಿಗೆ ಅದು ಗೊತ್ತಿರಬೇಕು. ಅವರಿಗೆ ಹೇಳುವುದನ್ನು ಮರೆಯುವವರೇ ಹೆಚ್ಚು.

ಟ್ರಿಪ್ ಮುಗಿದ ಮೇಲೆ ಆಯಾ ಕೊನೆಯ ಸೀಟಿನವರೆಗೆ ನಡೆದು, ಪ್ರತಿ ಸೀಟಿನ ಅಡಿಗೂ ಬಗ್ಗಿ ನೋಡಲೇಬೇಕು. ನಿದ್ದೆ ಹೋದ ಸಣ್ಣ ಮಗು ಸೀಟಿನಿಂದ ಜಾರಿ ಬ್ಯಾಗಿನಂತೆ ಮುದುಡಿಕೊಂಡಿದ್ದರೆ ದೂರದಿಂದ ಗೊತ್ತಾಗುವುದಿಲ್ಲ. ಹಾಗೆ ಬಗ್ಗಿದಾಗ ಸಿಗುವುದು ಹೆಚ್ಚಾಗಿ ಮೂರು ಬಾಟಲಿ, ಕಡ್ಡಿ ಮುರಿದ ಒಂದು ಕೊಡೆ, ಕರಡಿಗೊಂಬೆಯ ಕಿವಿ, ಎಡಗಾಲಿನ ಒಂದು ಶೂ.