ಬೆನ್ನು ತಿರುಗಿಸಿ ಪಾಲು ಹಂಚುವ ಊರು

ಉತ್ತರ ಸ್ವೀಡನ್ನಿನ ಹಳ್ಳಿಯಲ್ಲಿ ಮನೆ ಮಾಡಿದ ನಮ್ಮವರು ಮೊದಲ ಸೆಪ್ಟೆಂಬರಿನಲ್ಲೇ ಮಾಡುವ ತಪ್ಪೊಂದಿದೆ. ಇನ್ನೂ ಬೆಳಕು ಹರಿದಿರುವುದಿಲ್ಲ. ಪಕ್ಕದ ಮನೆಯಾತ ಕಿತ್ತಳೆ ಬಣ್ಣದ ಟೋಪಿ ಹಾಕಿ, ಕೋವಿ ಹೆಗಲಿಗೇರಿಸಿ, ನಾಯಿಯನ್ನು ಕಾರಿನ ಹಿಂದಿನ ಗೂಡಿಗೆ ಹತ್ತಿಸುತ್ತಿರುತ್ತಾನೆ. ಭಾಷಾ ತರಗತಿಯಲ್ಲಿ ಕಲಿತದ್ದನ್ನು ನೆನಪಿಸಿಕೊಂಡು ನಾವು ಅಕ್ಕರೆಯಿಂದ ‘ಲಿಕ್ಕಾ ತಿಲ್’ ಅನ್ನುತ್ತೇವೆ, ಒಳ್ಳೆಯದಾಗಲಿ ಎಂದು. ಆತ ಮುಖ ಗಂಟಿಕ್ಕಿಕೊಂಡು ಕಾರು ಹತ್ತಿ ಹೊರಟೇಬಿಡುತ್ತಾನೆ. ಬೇಟೆಗೆ ಹೊರಟವನಿಗೆ ಶುಭ ಹಾರೈಸಿದರೆ ಅವತ್ತಿನ ಬೇಟೆ ಕೆಟ್ಟಿತೆಂದೇ ಲೆಕ್ಕ. ಹೇಳಬೇಕಾದದ್ದು ‘ಶಿತ್‌ಯಾಕ್ತ್’. ದರಿದ್ರ ಬೇಟೆಯಾಗಲಿ ನಿನಗೆ, ಎಂದು. ಹೊರಟವರನ್ನು ‘ಎಲ್ಲಿಗೆ?’ ಅಂತ ಕೇಳಿ ಅಜ್ಜಿಯಿಂದ ಬೈಸಿಕೊಂಡು ಬೆಳೆದವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಆದರೂ ಚುರುಕ್ ಅನ್ನುತ್ತದೆ. ಆ ಭಾನುವಾರ ಊರಿಗೆ ಫೋನು ಮಾಡಿದಾಗ ‘ಇಲ್ಲಿಯ ಜನ ಮಾತೇ ಆಡಲ್ಲ ಕಣಮ್ಮಾ’ ಎಂಬ ದೂರು ಬಾಯಿಗೆ ಬಂದೇ ಬರುತ್ತದೆ.

ಆ ದೂರಿನ ಬಗ್ಗೆ ನನಗೊಂದು ತಕರಾರಿದೆ.

ಉತ್ತರ ಸ್ವೀಡನ್ನಿನ ವೆಸ್ಟರ್‌ಬೊಟ್ಟನ್ ಪ್ರಾಂತ್ಯದ ಕಡೆಗೆ ನಮ್ಮವರು ಬಂದದ್ದು ಬಹುಪಾಲು ಶೆಲೆಫ್ಟಿಯೊ ಪಟ್ಟಣದ ಬ್ಯಾಟರಿ ಕಾರ್ಖಾನೆಯ ದೆಸೆಯಿಂದ. 2025ರ ಮಾರ್ಚಿನಲ್ಲಿ ಆ ಕಂಪನಿ ದಿವಾಳಿಯೆದ್ದಾಗ ಗಂಟುಮೂಟೆ ಕಟ್ಟಿದವರು ಹಲವರು, ಬೇರೆ ಕೆಲಸ ಹಿಡಿದು ಅಲ್ಲೇ ಉಳಿದವರೂ ಇದ್ದಾರೆ. ಪಟ್ಟಣದ ಬಾಡಿಗೆ ತಡೆಯದೆ ಇಪ್ಪತ್ತು ಮೂವತ್ತು ಮೈಲಿ ಆಚೆ ಹಳ್ಳಿಯಲ್ಲಿ ಹಳೆಯ ಮರದ ಮನೆ ಕೊಂಡವರಿಗೇ ಈ ಮೌನ ಎದುರಾಗುವುದು. ಅಂಥ ಹಳ್ಳಿಯ ನಿಜವಾದ ಪಂಚಾಯಿತಿ ಇರುವುದು ಚರ್ಚಿನಲ್ಲೂ ಅಲ್ಲ, ಶಾಲೆಯಲ್ಲೂ ಅಲ್ಲ. ಅದು ‘ಯಾಕ್ತ್‌ಲಾಗ್’, ಅಂದರೆ ಬೇಟೆ ತಂಡ. ಸೆಪ್ಟೆಂಬರಿನ ಮೊದಲ ಸೋಮವಾರ ಉತ್ತರದಲ್ಲಿ ಮೂಸ್ ಎಂಬ ಭಾರಿ ಗಾತ್ರದ ಕಾಡುಜಿಂಕೆಯ ಬೇಟೆ ಶುರು (ದಕ್ಷಿಣದಲ್ಲಿ ಅಕ್ಟೋಬರಿನ ಎರಡನೆಯ ಸೋಮವಾರ). ಆ ವಾರ ಬಡಗಿ, ಎಲೆಕ್ಟ್ರಿಷಿಯನ್ ಯಾರೂ ಕೈಗೆ ಸಿಗುವುದಿಲ್ಲ. ಬಾಯ್ಲರು ಕೆಟ್ಟರೆ ಕಂಬಳಿ ಹೊದ್ದು ಕೂರಬೇಕು.

ಈ ಹಳ್ಳಿ ಹೊಸಬರನ್ನು ಏನೂ ಕೇಳುವುದಿಲ್ಲ. ಯಾವೂರು, ಯಾವ ಜನ, ಸಂಬಳವೆಷ್ಟು, ಮಕ್ಕಳು ಯಾಕೆ ಒಂದೇ? ನಮ್ಮೂರಿನ ಬಸ್ಸಿನಲ್ಲಿ ಎರಡು ಸ್ಟಾಪು ದಾಟುವುದರೊಳಗೆ ಮುಗಿಯುವ ವಿಚಾರಣೆ ಇಲ್ಲಿ ಎರಡು ವರ್ಷವಾದರೂ ಶುರುವಾಗುವುದಿಲ್ಲ. ಹೌದು ಅನ್ನಲಿಕ್ಕೂ ಬಾಯಿ ತೆರೆಯದೆ ಉಸಿರನ್ನು ‘ಶೂಪ್’ ಎಂದು ಒಳಗೆಳೆದುಕೊಳ್ಳುತ್ತಾರೆ. ಹೊಸಬರು ಇವರಿಗೆ ಗಾಬರಿಯಾಯಿತೇನೋ ಎಂದುಕೊಳ್ಳುವುದುಂಟು. ಹಾಗಂತ ಗಮನಿಸುತ್ತಿಲ್ಲ ಎಂದಲ್ಲ. ನಿಮ್ಮ ಸೌದೆ ಒಟ್ಟಿಲನ್ನು ನೋಡುತ್ತಾರೆ: ಬರ್ಚ್ ಮರವನ್ನು ವಸಂತದಲ್ಲೇ ಸೀಳಿ, ಗಾಳಿಯಾಡುವಂತೆ ಪೇರಿಸಿ, ಮೇಲೆ ಮಾತ್ರ ಮುಚ್ಚಿದ್ದೀರೋ, ಇಲ್ಲಾ ಪ್ಲಾಸ್ಟಿಕ್ಕಿನಲ್ಲಿ ಪೂರ್ತಿ ಸುತ್ತಿ ಬೂಸು ಹಿಡಿಸಿದ್ದೀರೋ. ಕಾಡಿನ ರಸ್ತೆಯ ಅಡ್ಡಗಂಬದ ಮುಂದೆ ದಾರಿ ಕಟ್ಟಿ ಕಾರು ನಿಲ್ಲಿಸುತ್ತೀರೋ ಎಂದು ನೋಡುತ್ತಾರೆ. ಮಾರ್ಚ್ 1ರಿಂದ ಆಗಸ್ಟ್ 20ರವರೆಗೆ, ಕಾಡುಪ್ರಾಣಿಗಳು ಮರಿ ಹಾಕುವ ಕಾಲದಲ್ಲಿ, ನಿಮ್ಮ ನಾಯಿ ಹತೋಟಿಯಲ್ಲಿದೆಯೋ ಎಂಬುದನ್ನಂತೂ ನೋಡಿಯೇ ನೋಡುತ್ತಾರೆ. ಅದು ಕಾನೂನು. ಹಣ್ಣು, ಅಣಬೆ ಕೀಳಲು ಯಾರ ಕಾಡಿಗಾದರೂ ಹೋಗುವ ಹಕ್ಕು ಇಲ್ಲಿ ಎಲ್ಲರಿಗೂ ಇದೆ ಎಂದು ತಿಳಿದ ಹೊಸಬರು ಆ ಹಕ್ಕು ಬೇಟೆಗೂ ಇದೆಯೆಂದು ಎಣಿಸಿದರೆ ಅಲ್ಲಿಗೆ ಮುಗಿಯಿತು. ಬೇಟೆಯ ಹಕ್ಕು ಜಮೀನಿಗೆ ಅಂಟಿಕೊಂಡದ್ದು. 1789ರಲ್ಲಿ ಮೂರನೆಯ ಗುಸ್ತಾವ್ ದೊರೆ ರೈತರಿಗೆ ಸ್ವಂತ ನೆಲದಲ್ಲಿ ಬೇಟೆಯಾಡುವ ಹಕ್ಕು ಕೊಟ್ಟ. ಅದಕ್ಕೂ ಹಿಂದೆ ದೊಡ್ಡ ಬೇಟೆಯೆಲ್ಲ ಅರಮನೆಯವರದು, ಸರದಾರರದು. ಈ ಹಕ್ಕಿನ ಬಗ್ಗೆ ಹಳ್ಳಿಗರು ನಮ್ಮವರು ಪಹಣಿಯ ಬಗ್ಗೆ ಇರುವಷ್ಟೇ ಜಾಗರೂಕರು.

ಹಾಗಾದರೆ ಒಳಗೆ ಹೋಗುವ ದಾರಿ? ಕೋವಿ ಹಿಡಿದು ಹೋಗುವುದಲ್ಲ, ಗರಗಸ ಹಿಡಿದು ಹೋಗುವುದು. ಮೇ, ಜೂನ್ ತಿಂಗಳಲ್ಲಿ ತಂಡದ ಶ್ರಮದಾನದ ದಿನಗಳಿರುತ್ತವೆ. ಮಚ್ಚಾನುಗಳ ಕೊಳೆತ ಮೆಟ್ಟಿಲು ಬದಲಿಸುವುದು, ಗುಂಡು ಹಾರುವ ಓಣಿಯಲ್ಲಿ ಬೆಳೆದ ಪೊದೆ ಸವರುವುದು, ಮಾಂಸ ಕೊಯ್ಯುವ ಶೆಡ್ಡಿನ ರಾಟೆಗೆ ಎಣ್ಣೆ ಬಿಡುವುದು. ಇದಕ್ಕೆ ಯಾರೂ ಕರೆಯುವುದಿಲ್ಲ. ಅಂಗಡಿಯ ಹಲಗೆಗೆ ಚೀಟಿ ಅಂಟಿಸಿರುತ್ತಾರೆ, ಅಷ್ಟೆ. ಸುಮ್ಮನೆ ಹೋಗಿ ನಿಲ್ಲಬೇಕು. ಕೈಗವಸು, ನಿಮ್ಮದೇ ಕಾಫಿ ಫ್ಲಾಸ್ಕು, ಮೂರು ಗಂಟೆಯ ಕೆಲಸ. ಅಡುಗೆ ಮಾಡಿ ಹೊತ್ತೊಯ್ದು ಮೊದಲ ದಿನವೇ ಎಲ್ಲರಿಗೂ ಬಡಿಸಲು ಹೊರಡುವುದು ನಮ್ಮ ಕಡೆಯ ಚಟ. ಅದು ಅವರನ್ನು ಮುಜುಗರಕ್ಕೆ ತಳ್ಳುತ್ತದೆ, ಋಣದ ಲೆಕ್ಕ ಶುರುವಾಗುತ್ತದೆ. ಬೇಸಿಗೆಯ ಸಂಜೆಗಳಲ್ಲಿ ಗುರಿ ಅಭ್ಯಾಸದ ಮೈದಾನದಲ್ಲಿ ಹಳಿಯ ಮೇಲೆ ಓಡುವ ಮೂಸ್ ಬೊಂಬೆಗೆ 80 ಮೀಟರ್ ದೂರದಿಂದ ಗುಂಡು ಹೊಡೆಯುತ್ತಾರೆ. ಅಲ್ಲಿ ಅಂಕ ಬರೆಯುವ ಕೆಲಸ ಯಾವಾಗಲೂ ಖಾಲಿ. ಅದನ್ನು ವಹಿಸಿಕೊಂಡವರ ಹೆಸರು ಒಂದೇ ಬೇಸಿಗೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗುತ್ತದೆ.

ಬೇಟೆಯಾಡಲೇಬೇಕೆಂದರೆ ಪರೀಕ್ಷೆಯಿದೆ, 1985ರಿಂದ ಕಡ್ಡಾಯ. ಬರವಣಿಗೆಯಲ್ಲಿ 70 ಪ್ರಶ್ನೆ, 60 ಸರಿ ಬರಬೇಕು. ಪ್ರಾಣಿ ಗುರುತು, ರೋಗ, ಕಾನೂನು, ಕೋವಿಯ ಸುರಕ್ಷತೆ ಎಲ್ಲ ಕೇಳುತ್ತಾರೆ. ಆಮೇಲೆ ಗುಂಡು ಹೊಡೆಯುವ ಪರೀಕ್ಷೆಗಳು. ಪ್ರತಿ ಕೋವಿಗೂ ಪೊಲೀಸರಿಂದ ಬೇರೆ ಬೇರೆ ಪರವಾನಗಿ, ಮನೆಯಲ್ಲಿ ಉಕ್ಕಿನ ಬೀರು. ಮೂಸ್‌ಗೆ ಒಂದನೇ ದರ್ಜೆಯ ಕೋವಿಯೇ ಆಗಬೇಕು: 9 ಗ್ರಾಂ ಗುಂಡಾದರೆ 100 ಮೀಟರಿನಲ್ಲಿ 2700 ಜೂಲ್, 10 ಗ್ರಾಂ ಅಥವಾ ಹೆಚ್ಚಿನದಾದರೆ 2000 ಜೂಲ್ ಬಲ ಉಳಿದಿರಬೇಕು. ಹೊಸಬರು ಅಂಗಡಿಯವನ ಮಾತಿಗೆ ಮರುಳಾಗಿ ಭಾರಿ ಕೋವಿ ಕೊಂಡು, ಹೆಗಲಿಗೆ ಬೀಳುವ ಒದೆತಕ್ಕೆ ಹೆದರಿ, ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುತ್ತಾರೆ. ಹಳ್ಳಿಯ ಮುದುಕರು 6.5 ಮಿಲಿಮೀಟರಿನ ಹಳೆಯ ಕೋವಿಯಲ್ಲೇ ಜೀವಮಾನ ಕಳೆದಿರುತ್ತಾರೆ.

ಬೇಟೆಯ ದಿನ ಬೆಳಿಗ್ಗೆ ಎಲ್ಲರೂ ಒಂದೆಡೆ ಸೇರುತ್ತಾರೆ, ಕೋವಿ ಖಾಲಿ, ಬೋಲ್ಟು ತೆರೆದು. ತಂಡದ ಮುಖ್ಯಸ್ಥ ಅವತ್ತು ಏನು ಹೊಡೆಯಬಹುದು ಅನ್ನುತ್ತಾನೆ: ಕರು ಎಷ್ಟು, ದೊಡ್ಡದು ಎಷ್ಟು. ತಾಯಿ ಕರು ಜೊತೆಗಿದ್ದರೆ ಕರುವಿಗೇ ಮೊದಲ ಗುಂಡು. ತಾಯಿಯಿಲ್ಲದ ಕರು ಆ ಚಳಿಗಾಲ ಕಳೆಯುವುದು ಕಷ್ಟ, ಹಾಗೆ ಅನಾಥ ಮಾಡುವುದು ಬೇಟೆಗಾರರಲ್ಲಿ ದೊಡ್ಡ ತಪ್ಪು. ಕೇಳಿ ಕರುಳು ಚುರ್ರೆನ್ನುವವರು ಆ ದಿನ ಮನೆಯಲ್ಲೇ ಇರುವುದು ಲೇಸು. ಆಮೇಲೆ ಒಬ್ಬೊಬ್ಬರು ಒಂದೊಂದು ‘ಪಾಸ್’ನಲ್ಲಿ, ಅಂದರೆ ಪ್ರಾಣಿಗಾಗಿ ಕಾಯುವ ಗೊತ್ತಾದ ಜಾಗದಲ್ಲಿ, ಕೂರುತ್ತಾರೆ, ನಮ್ಮ ಮಲೆನಾಡಿನವರು ಬಿಲ್ಲಿಗೆ ನಿಲ್ಲುವುದು ಅನ್ನುತ್ತಿದ್ದರಲ್ಲ, ಅದೇ. ಹಳು ನುಗ್ಗಿ ಪ್ರಾಣಿಯನ್ನು ಎಬ್ಬಿಸುವವರ ಬದಲು ಇಲ್ಲಿ ನಾಯಿ. ಬೂದುಬಣ್ಣದ ಯೆಮ್ತ್‌ಹುಂಡ್ ತಳಿಯ ಒಂಟಿ ನಾಯಿ ಮೂಸನ್ನು ಹುಡುಕಿ, ಕಚ್ಚದೆ, ಸುತ್ತ ಬೊಗಳುತ್ತಾ ನಿಲ್ಲಿಸಿಕೊಳ್ಳುತ್ತದೆ. ಕೊರಳಲ್ಲಿ ಜಿಪಿಎಸ್ ಪಟ್ಟಿ, ಮನುಷ್ಯರ ಕೈಯಲ್ಲಿ 155 ಮೆಗಾಹರ್ಟ್ಸ್ ರೇಡಿಯೋ.

ಹೊಸಬರು ಹೆಚ್ಚಾಗಿ ಎಡವುವುದು ಈಡು ಹೊಡೆದ ಮೇಲೆ. ಬಿತ್ತೋ ಇಲ್ಲವೋ ನೋಡೋಣವೆಂದು ಪಾಸಿನಿಂದ ಇಳಿದು ನಡೆಯುತ್ತಾರೆ. ಇಳಿಯಲೇಬಾರದು. ಪಕ್ಕದ ಪಾಸಿನವನಿಗೆ ನೀವು ಅಲ್ಲೇ ಕೂತಿದ್ದೀರಿ ಎಂಬ ಲೆಕ್ಕವಿರುತ್ತದೆ. ಅಲ್ಲದೆ ಶ್ವಾಸಕೋಶಕ್ಕೆ ಸರಿಯಾಗಿ ಗುಂಡು ಬಿದ್ದ ಮೂಸ್ ಕೂಡ ಏನೂ ಆಗದಂತೆ ನಾಲ್ಕು ಹೆಜ್ಜೆ ಇಟ್ಟು ಆಮೇಲೆ ಕುಸಿಯುತ್ತದೆ. ಅವಸರದಿಂದ ಹಿಂದೆ ಬಿದ್ದರೆ ಗಾಯಗೊಂಡದ್ದು ಎದ್ದು ಮೈಲಿಗಟ್ಟಲೆ ಹೋದೀತು. ಮತ್ತೆ ಗುಂಡು ತುಂಬಿ, ಪ್ರಾಣಿ ನಿಂತಿದ್ದ ಜಾಗವನ್ನು ಮರದ ಗುರುತಿನಿಂದ ನೆನಪಿಟ್ಟು, ಎಷ್ಟು ಗುಂಡು, ಯಾವ ದಿಕ್ಕಿಗೆ ಹೋಯಿತು ಎಂದು ರೇಡಿಯೋದಲ್ಲಿ ಹೇಳಿ ಕೂರಬೇಕು. ಗಾಯದ ಜಾಡು ಹಿಡಿಯುವ ನಾಯಿ ಎರಡು ಗಂಟೆಯೊಳಗೆ ಬಂದು ಸೇರುವಂತಿರಬೇಕು ಎಂಬುದು ಕಾನೂನು. ಇನ್ನೊಂದು, ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಅಂಟಿದಂತೆ ನಿಂತ ಮೂಸ್‌ಗೆ ಎಂದೂ ಹೊಡೆಯಬಾರದು. ಹಿಂದೆ ಗುಂಡು ಹೂತುಕೊಳ್ಳಲು ಮಣ್ಣಿಲ್ಲ. ಹೊಡೆಯದೆ ಬಿಟ್ಟೆ ಎಂದರೆ ಯಾರೂ ನಗುವುದಿಲ್ಲ. ಹೊಸಬರಿಗೆ ಸಿಗುವ ಮೊದಲ ಮೆಚ್ಚುಗೆ ಬಹಳ ಸಲ ಹೊಡೆಯದೆ ಬಿಟ್ಟ ಗುಂಡಿಗೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದಾದ ಮೇಲಿನ ಕೆಲಸ. ಚರ್ಮ ಸುಲಿದು ಶೆಡ್ಡಿನಲ್ಲಿ ತೂಗುಹಾಕುತ್ತಾರೆ. ದಿನಕ್ಕೆಷ್ಟು ಡಿಗ್ರಿಯೋ ಅದನ್ನು ಕೂಡುತ್ತಾ 40 ಆಗುವವರೆಗೆ ಕಾಯುವುದು ವಾಡಿಕೆ: 4 ಡಿಗ್ರಿ ಚಳಿಯಿದ್ದರೆ 10 ದಿನ, 8 ಇದ್ದರೆ 5. ಸೆಪ್ಟೆಂಬರಿನಲ್ಲಿ ಬಿಸಿಲೇರಿದರೆ ತಂಪುಕೋಣೆ ಇಲ್ಲದ ತಂಡದ ಮಾಂಸ ಹುಳಿಯುತ್ತದೆ. ಆಮೇಲೆ ಕೊಯ್ದು ಮೇಜಿನ ಮೇಲೆ ಪಾಲಿಗೊಂದರಂತೆ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಯಲ್ಲೂ ಒಂದಷ್ಟು ಒಳ್ಳೆಯದು, ಒಂದಷ್ಟು ಎಲುಬು. ಹಳೆಯ ಪದ್ಧತಿ ಬಿಡದ ತಂಡಗಳಲ್ಲಿ ಒಬ್ಬ ಮೇಜಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ ‘ಇದು ಯಾರಿಗೆ?’ ಅನ್ನುತ್ತಾನೆ. ಬೆನ್ನು ಮಾಡಿದವನು ಬಾಯಿಗೆ ಬಂದ ಹೆಸರು ಹೇಳುತ್ತಾನೆ. ಮುಗಿಯಿತು. ನೂರು ಎಕರೆ ಕಾಡಿನವನೂ ಶಾಲೆಯ ಟೀಚರೂ ಹೋದ ವರ್ಷ ಬಂದವನೂ ಒಂದೇ ಸಾಲಿನಲ್ಲಿ. ಬೆಳಗಿನ ಪಾಸುಗಳನ್ನೂ ಎಷ್ಟೋ ತಂಡಗಳು ಹೀಗೆಯೇ ಚೀಟಿ ಎತ್ತಿ ಹಂಚುತ್ತವೆ.

ಇಲ್ಲಿ ನನಗೆ ಊರು ನೆನಪಾಗುತ್ತದೆ, ಒಳ್ಳೆಯ ರೀತಿಯಲ್ಲಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವ ಮುಂಚಿನ ಮಲೆನಾಡಿನ ಶಿಕಾರಿಯ ಮಾತು ಬಂದರೆ ನಮ್ಮ ಹಿರಿಯರ ಕಣ್ಣು ಅರಳುತ್ತದೆ. ಆದರೆ ಬಿಲ್ಲಿಗೆ ನಿಲ್ಲುತ್ತಿದ್ದವರು ಯಾರು, ಮುಳ್ಳು ತರಚಿಸಿಕೊಂಡು ಹಳು ನುಗ್ಗುತ್ತಿದ್ದವರು ಯಾರು? ಚೀಟಿ ಎತ್ತಿ ನಿಶ್ಚಯವಾಗುತ್ತಿತ್ತೇ ಅದು? ಒಡೆಯರು ಒಡೆಯರೇ, ಆಳುಗಳು ಆಳುಗಳೇ. ಪಾಲೂ ಹಾಗೆಯೇ. ಬೇಟೆ ಹೋಯಿತು, ಸಾಲು ಉಳಿಯಿತು. ಇವತ್ತಿಗೂ ಘಟ್ಟ ಹತ್ತಿ ಬಂದು ತೋಟ ಮಾಡಿ ನಲವತ್ತು ವರ್ಷವಾದವರು ನಮ್ಮೂರಿನಲ್ಲಿ ‘ಕೆಳಗಿನಿಂದ ಬಂದವರು’. ಐದು ನಿಮಿಷದಲ್ಲಿ ಅವರ ಗೋತ್ರ ತಿಳಿದುಕೊಂಡೆವು, ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟೆವು. ಒಳಗೆ ಕರೆದೆವೇ? ಸ್ವೀಡನ್ನಿನವರದು ಬಿಗಿಯಾದ ಬಾಗಿಲು, ನಿಜ. ಕೆಲಸದ ಕೀಲಿಗೆ ಅದು ತೆರೆಯುತ್ತದೆ. ನಮ್ಮದು ಸದಾ ತೆರೆದ ಬಾಗಿಲು, ಒಳಗೊಂದು ತೆರೆಯದ ಬಾಗಿಲು.

ಹೀಗೆ ಬರೆದರೆ ಇಲ್ಲಿಯ ಹಳ್ಳಿಗರು ಸಂತರೆಂದಾಗುತ್ತದೆ, ಅಲ್ಲ. ಜಮೀನಿಲ್ಲದವರಿಗೆ, ಕಾಡಿನ ಕಂಪನಿಯಿಂದ ಬೇಟೆಯ ಗುತ್ತಿಗೆ ಸಿಗದವರಿಗೆ ಹತ್ತು ವರ್ಷ ಗರಗಸ ಹಿಡಿದರೂ ಅತಿಥಿಯ ಜಾಗವೇ ಗತಿಯಾಗಬಹುದು. ತಂಡದ ಜಾಗ ಅಪ್ಪನಿಂದ ಮಗನಿಗೆ ಹೋಗುವುದೇ ಹೆಚ್ಚು. ಹೊಸಬರಿಗೆ ಈಗ ತುಸು ಸಡಿಲಿಸುತ್ತಿದ್ದಾರೆಂದರೆ ಔದಾರ್ಯಕ್ಕಿಂತ ಹೆಚ್ಚಾಗಿ ಹಳ್ಳಿಯಲ್ಲಿ ಹುಡುಗರಿಲ್ಲ, ಸತ್ತ ಮೂಸನ್ನು ಎಳೆದು ತರಲು ಸೊಂಟವಿರುವವರು ಬೇಕು. ಇನ್ನೊಂದು ಮಾತು ಬರೆಯದೆ ಬಿಡುವುದು ಸರಿಯಲ್ಲ. ಎಲ್ಲರಿಗಿಂತ ಮುಂಚೆ ಆ ನೆಲದಲ್ಲಿದ್ದವರು ಸಾಮಿ ಜನ. 2020ರ ಜನವರಿಯಲ್ಲಿ ಸ್ವೀಡನ್ನಿನ ಸುಪ್ರೀಂ ಕೋರ್ಟು ಗಿರ್ಯಾಸ್ ಎಂಬ ಸಾಮಿ ಸಮುದಾಯದ ನೆಲದಲ್ಲಿ ಸಣ್ಣ ಬೇಟೆ ಮತ್ತು ಮೀನುಗಾರಿಕೆಯ ಪರವಾನಗಿ ಕೊಡುವ ಹಕ್ಕು ಆ ಸಮುದಾಯದ್ದೇ ಎಂದು ತೀರ್ಪು ಕೊಟ್ಟಾಗ ಕೆಲವರು ಬೆದರಿಕೆಗೆ ಇಳಿದರು, ಸಾಮಿಗಳು ಸಾಕುವ ಹಿಮಸಾರಂಗಗಳನ್ನು ಕೊಂದು ಎಸೆದದ್ದೂ ವರದಿಯಾಯಿತು. ಬೆನ್ನು ತಿರುಗಿಸಿ ಸಮನಾಗಿ ಹಂಚುವುದು ಮೇಜಿನ ಸುತ್ತ ನಿಂತವರೊಳಗೆ ಮಾತ್ರ.

ನವೆಂಬರಿನ ಕತ್ತಲೂ ಒಂದಿದೆ. ಮಧ್ಯಾಹ್ನ ಎರಡೂವರೆಗೆ ದೀಪ ಹಾಕಿ ಕೂತಾಗ ‘ಊಟ ಆಯ್ತಾ?’ ಎಂದು ಬೇಲಿಯಾಚೆಯಿಂದ ಯಾರೂ ಕೂಗುವುದಿಲ್ಲ. ನಮ್ಮ ಕಡೆ ಒಂದು ಸಾವಾದರೆ ಆ ‘ಕೆಳಗಿನಿಂದ ಬಂದವರ’ ಮನೆಗೂ ಇಡೀ ಕೇರಿ ಹೋಗಿ ನಿಲ್ಲುತ್ತದೆ, ಒಲೆ ಹಚ್ಚದ ಮನೆಗೆ ಅನ್ನ ಹೋಗುತ್ತದೆ. ಯಾರೂ ಯಾವ ಹಲಗೆಗೂ ಚೀಟಿ ಅಂಟಿಸುವುದಿಲ್ಲ. ಇದನ್ನು ಒಪ್ಪದೆ ವಿಧಿಯಿಲ್ಲ.

ಮಾಂಸ ತಿನ್ನದವರು ಇದೆಲ್ಲ ನಮಗಲ್ಲ ಎಂದು ಕೈ ತೊಳೆಯಬೇಕಿಲ್ಲ. ಕಾಫಿ ಬೆಂಕಿ ನೋಡಿಕೊಳ್ಳುವವರು, ಗಾಡಿ ಓಡಿಸುವವರು ತಂಡಕ್ಕೆ ಬೇಕೇ ಬೇಕು. ಒಂದು ಸಂಜೆ ಬಾಗಿಲ ಹಿಡಿಗೆ ಚೀಲ ನೇತಾಡುತ್ತಿರುತ್ತದೆ, ಒಳಗೆ ಡಬ್ಬಿ, ಡಬ್ಬಿಯಲ್ಲಿ ಅಣಬೆಯೋ, ಲಿಂಗಾನ್ ಹಣ್ಣಿನ ಜಾಮೋ, ತಿನ್ನುವವರ ಮನೆಯಾದರೆ ಎರಡು ಕೆಜಿ ಕೊಚ್ಚಿದ ಮಾಂಸವೋ. ಕರೆಗಂಟೆ ಒತ್ತಿರುವುದಿಲ್ಲ. ಓಡಿಹೋಗಿ ಕೈಹಿಡಿದು ಥ್ಯಾಂಕ್ಸ್ ಹೇಳಲು ಹೋಗಬೇಡಿ. ವಾರ ಬಿಟ್ಟು ಡಬ್ಬಿ ತೊಳೆದು ಅವರ ಬಾಗಿಲಿಗೆ ಹಾಗೆಯೇ ನೇತುಹಾಕಿ. ಖಾಲಿ ಡಬ್ಬಿ ಕೊಡುವ ಜನ ನಾವಲ್ಲವಲ್ಲ, ಏನಾದರೂ ಹಾಕಿಯೇ ಹಾಕುತ್ತೇವೆ. ಕೋಡುಬಳೆ ಮಾತ್ರ ಬೇಡ. ಪಾಸಿನಲ್ಲಿ ಕೂತು ಕಡಿದರೆ ಆ ಸದ್ದಿಗೆ ಇನ್ನೂರು ಮೀಟರ್ ಆಚೆಯ ಮೂಸ್ ಕಿವಿ ನಿಮಿರಿಸುತ್ತದೆ. ಕೊಬ್ಬರಿ ಮಿಠಾಯಿ ಆದೀತು.