ಆಲೂಗಡ್ಡೆ ಇಟ್ಟ ಸಮಾಧಿ, ಅಂಬಾರಿ ಇಟ್ಟ ಅರಮನೆ

ಬರ್ಲಿನ್‌ನಲ್ಲಿ ಓದುವವರಿಗೆ ಪಾಟ್ಸ್‌ಡ್ಯಾಮ್ ದೂರದ ಊರೇನಲ್ಲ. ಸ್ಟೂಡೆಂಟ್ ಪಾಸ್‌ನಲ್ಲೇ ಎಸ್7 ರೈಲು ಹತ್ತಿ ಹೋಗಿ, ಸ್ಟೇಷನ್ನಿಂದ ಬಸ್ಸು ಹಿಡಿದರೆ ಸಾನ್‌ಸೂಸಿ ಅರಮನೆ ಬರುತ್ತದೆ. ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್. ನಾನು ಮಂಡ್ಯ ಕಡೆಯವನು, ಓದಿದ್ದು ಮೈಸೂರಿನಲ್ಲಿ. ಅರಮನೆ ಅಂದರೆ ಏನು ಅನ್ನುವ ಅಳತೆ ನನ್ನ ಕಣ್ಣಲ್ಲಿ ಮೊದಲೇ ಕೂತಿದೆ. ಆ ಅಳತೆಗೆ ಸಾನ್‌ಸೂಸಿ ತೀರಾ ಚಿಕ್ಕದು. ಹಳದಿ ಬಣ್ಣದ ಒಂದೇ ಅಂತಸ್ತಿನ ಕಟ್ಟಡ. ಆಗಿನ ಜರ್ಮನ್ ರಾಜ್ಯ ಪ್ರಷ್ಯದ ರಾಜ ಎರಡನೇ ಫ್ರೆಡರಿಕ್ 1745ರಿಂದ 1747ರೊಳಗೆ ಕಟ್ಟಿಸಿದ ಬೇಸಿಗೆ ಮನೆ ಇದು.

ಚಿಕ್ಕದಾದರೂ ಅದರ ಮುಂದಿನ ಇಳಿಜಾರು ನನ್ನನ್ನು ತುಂಬಾ ಹೊತ್ತು ನಿಲ್ಲಿಸಿಕೊಂಡಿತು. ಗುಡ್ಡವನ್ನು ಆರು ಮೆಟ್ಟಿಲಾಗಿ ಕಡಿದು ದ್ರಾಕ್ಷಿ ಬಳ್ಳಿ ಹಬ್ಬಿಸಿದ್ದಾರೆ. ಗೋಡೆಯುದ್ದಕ್ಕೂ ನಡುನಡುವೆ ಗೂಡುಗಳಿವೆ. ಪ್ರತಿ ಗೂಡಿಗೂ ಗಾಜಿನ ಬಾಗಿಲು. ಚಳಿಯಲ್ಲಿ ಬಾಗಿಲು ಮುಚ್ಚಿದರೆ ಒಳಗೆ ಬಿಸಿ ನಿಲ್ಲುತ್ತದೆ, ಬಿಸಿಲು ಬಂದಾಗ ತೆಗೆಯುತ್ತಾರೆ. ಅಲ್ಲಿ ಅಂಜೂರ ಬೆಳೆಸುತ್ತಿದ್ದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಬಯಲಲ್ಲೇ ಬೆಳೆಯುವ ಅಂಜೂರಕ್ಕೆ ಇಲ್ಲಿ ಇಷ್ಟು ಉಪಚಾರ! ಮಣ್ಣು, ಬಿಸಿಲು, ಗಾಳಿ ಲೆಕ್ಕ ಹಾಕಿ ಕೆಲಸ ಮಾಡಿದ ಆ ತೋಟಗಾರರ ಮೇಲೆ ನನಗೆ ತುಂಬಾ ಗೌರವ ಬಂತು. ರೈತರ ಮನೆಯಿಂದ ಬಂದವನಿಗೆ ಒಳಗಿನ ಚಿನ್ನದ ಅಲಂಕಾರಕ್ಕಿಂತ ಇದೇ ಜಾಸ್ತಿ ಹಿಡಿಸುತ್ತದೆ.

ಒಳಗೆ ಹೋಗಲು ಟಿಕೆಟ್ಟಿನಲ್ಲಿ ಹೊತ್ತು ಬರೆದಿರುತ್ತದೆ. ಆ ಹೊತ್ತಿಗೇ ಬಿಡುತ್ತಾರೆ. ಫ್ರೆಡರಿಕ್ ಕೊಳಲು ನುಡಿಸುತ್ತಿದ್ದ ಸಂಗೀತದ ಕೋಣೆ ಇದೆ. 1786ರಲ್ಲಿ ಅವನು ಕೊನೆಯುಸಿರೆಳೆದ ಒರಗು ಕುರ್ಚಿಯೂ ಇದೆ. ಹಿಂದಿನಿಂದ ಯಾರೂ ನೂಕುವುದಿಲ್ಲ, ನಿಂತು ನೋಡಬಹುದು. ದಸರಾ ರಜೆಯಲ್ಲಿ ನಮ್ಮ ಅರಮನೆಯಲ್ಲಿ ಜನಸಾಗರದ ನಡುವೆ ತೇಲಿಕೊಂಡು ಬಂದವರಿಗೆ ಇದು ಎಷ್ಟು ದೊಡ್ಡ ಸುಖ ಅಂತ ಗೊತ್ತಾಗುತ್ತದೆ.

ನಾನು ಹೇಳಬೇಕಾದ ವಿಷಯ ಇರುವುದು ಹೊರಗಡೆ, ಅರಮನೆಯ ಪಕ್ಕದ ಸಮಾಧಿಯಲ್ಲಿ. ನೆಲಕ್ಕೆ ಹಾಸಿದ ಒಂದು ಕಲ್ಲು, ಅದರ ಮೇಲೆ ಹೆಸರು, ಅಷ್ಟೇ. ಪಕ್ಕದಲ್ಲಿ ಅವನ ನಾಯಿಗಳ ಸಮಾಧಿ. ಆಡಂಬರ ಬೇಡ, ನನ್ನನ್ನು ಇಲ್ಲೇ ಹೂಳಿ ಅಂತ ಅವನು ಬರೆದಿಟ್ಟಿದ್ದ. ಆದರೆ ಪಟ್ಟಕ್ಕೆ ಬಂದ ತಮ್ಮನ ಮಗ ಅದನ್ನು ಕೇಳಲಿಲ್ಲ, ಊರೊಳಗಿನ ಚರ್ಚಿನಲ್ಲಿ ತಂದೆಯ ಪಕ್ಕ ಇಡಿಸಿದ. ಎರಡನೇ ಮಹಾಯುದ್ಧದಲ್ಲಿ ಶವಪೆಟ್ಟಿಗೆ ಉಪ್ಪಿನ ಗಣಿ ಸೇರಿ, ಊರೂರು ಸುತ್ತಿ, ಕೊನೆಗೆ ಅವನ ಆಸೆ ಈಡೇರಿದ್ದು 1991ರ ಆಗಸ್ಟ್ 17ರಂದು. ಸತ್ತು ಸರಿಯಾಗಿ 205 ವರ್ಷಕ್ಕೆ.

ಆ ಕಲ್ಲಿನ ಮೇಲೆ ಜನ ಆಲೂಗಡ್ಡೆ ಇಡುತ್ತಾರೆ. ನಾನು ಹೋದಾಗಲೂ ಇದ್ದವು, ಮಣ್ಣು ಸರಿಯಾಗಿ ಹೋಗದ ಪುಟ್ಟ ಗಡ್ಡೆಗಳು. ಒಂದರ ಮೇಲೆ ಯಾರೋ ಮಕ್ಕಳು ಪೆನ್ನಿನಲ್ಲಿ ಕಿರೀಟ ಬರೆದಿದ್ದರು. ರೈತರು ಆಲೂಗಡ್ಡೆ ಬೆಳೆಯಬೇಕು ಅಂತ ಫ್ರೆಡರಿಕ್ 1756ರಲ್ಲಿ ಆದೇಶ ಹೊರಡಿಸಿದ್ದ. ಅದರ ನೆನಪು ಅದು. ಅವನೇನು ಸಾಧು ರಾಜನಲ್ಲ. 1740ರಲ್ಲಿ ಆಸ್ಟ್ರಿಯಾದ ಕೈಲಿದ್ದ ಸಿಲೇಸಿಯಾಕ್ಕೆ ನುಗ್ಗಿ ಯುದ್ಧ ಹೂಡಿದವನು. ಏಳು ವರ್ಷದ ಯುದ್ಧದಲ್ಲಿ ನಾಡು ಬಳಲಿದ ಮೇಲೂ, ನಮ್ಮ ಕೈ ಬರಿದಾಗಿಲ್ಲ ಅಂತ ತೋರಿಸಲು ಅದೇ ತೋಟದ ಇನ್ನೊಂದು ಕೊನೆಯಲ್ಲಿ ಭಾರೀ ಹೊಸ ಅರಮನೆ ಕಟ್ಟಿಸಿದ. ಆದರೂ ಜನ ಕತ್ತಿ ತಂದಿಡುವುದಿಲ್ಲ, ಹೊಟ್ಟೆ ತುಂಬಿಸಿದ್ದನ್ನೇ ತಂದಿಡುತ್ತಾರೆ.

ನನಗೆ ತಕ್ಷಣ ನೆನಪಾಗಿದ್ದು ನಮ್ಮ ಕಡೆಯ ಮನೆಗಳು. ಮಂಡ್ಯದ ಎಷ್ಟೋ ಮನೆಗಳಲ್ಲಿ ದೇವರ ಪಟಗಳ ಜೊತೆ ನಾಲ್ವಡಿ ಕೃಷ್ಣರಾಜ ಒಡೆಯರ ಫೋಟೋ ಇರುತ್ತದೆ. ಯಾಕೆ ಅಂತ ಯಾರೂ ವಿವರಿಸಬೇಕಿಲ್ಲ. ಗದ್ದೆಗೆ ನೀರು ಬಂದಿದ್ದು ಅವರ ಕಾಲದಲ್ಲಿ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗದಿದ್ದರೆ ನಮ್ಮಪ್ಪ ಕಬ್ಬು ಹಾಕುತ್ತಿರಲಿಲ್ಲ, ನಾನು ಇಲ್ಲಿಗೆ ಬರುತ್ತಿರಲಿಲ್ಲ.

ಆದರೆ ಮೈಸೂರು ಅರಮನೆಗೆ ಹೋಗಿ ಬಂದವರನ್ನು ಕೇಳಿ ನೋಡಿ, ಏನು ನೋಡಿದಿರಿ ಅಂತ. ಚಿನ್ನದ ಅಂಬಾರಿ, ಬೆಳ್ಳಿ ಬಾಗಿಲು, ದರ್ಬಾರ್ ಹಾಲ್ ಅನ್ನುತ್ತಾರೆ. ಅವೂ ಬೇಕು, ನನಗೂ ಪ್ರೀತಿಯೇ. ಆದರೆ ನಾಲೆ ಎಲ್ಲಿ? 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದ ಕಥೆ ಎಲ್ಲಿ? 1916ರ ಮೈಸೂರು ವಿಶ್ವವಿದ್ಯಾಲಯ? ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸ ಸಿಗಲಿ ಅಂತ 1918ರಲ್ಲಿ ಕೂರಿಸಿದ ಮಿಲ್ಲರ್ ಸಮಿತಿ? ಅಷ್ಟೇಕೆ, 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟಾಗ ರಾಜ್ಯಭಾರ ಮಾಡುತ್ತಿದ್ದವರು, ಈಗಿನ ಅರಮನೆ ಕಟ್ಟಲು ಶುರು ಮಾಡಿಸಿದವರು ಒಬ್ಬ ಹೆಣ್ಣುಮಗಳು, ನಾಲ್ವಡಿಯವರ ತಾಯಿ ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು. ಅರಮನೆಯ ವಿನ್ಯಾಸ ಮಾಡಿದ ಹೆನ್ರಿ ಇರ್ವಿನ್ ಹೆಸರು ಹೇಳುವ ಗೈಡುಗಳು ಎಷ್ಟು ಜನ ಅವರ ಹೆಸರು ಹೇಳುತ್ತಾರೆ?

ಹಾಗಂತ ಜರ್ಮನಿಯವರದ್ದೇ ಮೇಲು ಅನ್ನಲಾರೆ. 1918ರಲ್ಲಿ ಇಲ್ಲಿ ರಾಜಪಟ್ಟವೇ ಹೋಯಿತು, ಸಾನ್‌ಸೂಸಿ ಈಗ ಪೂರ್ತಿ ಮ್ಯೂಸಿಯಂ. ಅಲ್ಲಿ ದೀಪ ಹಚ್ಚುವವರಿಲ್ಲ. ನಮ್ಮ ಅರಮನೆ ಇನ್ನೂ ಬದುಕಿದೆ. ಕೋಟೆಯೊಳಗಿನ ಗುಡಿಗಳಲ್ಲಿ ಪೂಜೆ ನಡೆಯುತ್ತದೆ, ದಸರೆಗೆ ಆನೆ ಬರುತ್ತವೆ, ಭಾನುವಾರ ಸಂಜೆ ಸುಮಾರು ಒಂದು ಲಕ್ಷ ಬಲ್ಬು ಹತ್ತಿದಾಗ ಮಗುವನ್ನು ಹೆಗಲ ಮೇಲೆ ಹೊತ್ತ ಅಪ್ಪಂದಿರು "ನೋಡು ಪುಟ್ಟಾ" ಅನ್ನುತ್ತಾರೆ. ಆ ಖುಷಿ ಇಲ್ಲಿ ನನಗೆ ಎಲ್ಲೂ ಸಿಕ್ಕಿಲ್ಲ.

ಅಷ್ಟು ಜನ ಹೇಗೂ ಬರುತ್ತಾರಲ್ವಾ, ಅವರಿಗೆ ಇದನ್ನೂ ಹೇಳಿ ಅನ್ನುವುದು ನನ್ನ ಆಸೆ. ಹೊರಗೆ ಬರುವ ದಾರಿಯಲ್ಲಿ ಒಂದು ಕೋಣೆ ಸಾಕು. ಕನ್ನಂಬಾಡಿಯ ನಕ್ಷೆ, ಶಿವನಸಮುದ್ರದ ಹಳೆಯ ಫೋಟೋಗಳು, ಕೆಂಪನಂಜಮ್ಮಣ್ಣಿಯವರ ದೊಡ್ಡ ಚಿತ್ರ ಇರಲಿ. ಕಟ್ಟೆಗಾಗಿ ಮುಳುಗಿದ ಹಳ್ಳಿಗಳ ಹೆಸರೂ ಇರಲಿ, ಅದನ್ನು ಮುಚ್ಚಿಡಬಾರದು. ವಿವರ ಎಲ್ಲ ಮೊದಲು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಹಳ್ಳಿಯಿಂದ ಬಸ್ಸು ಮಾಡಿಕೊಂಡು ಬರುವ ಶಾಲೆ ಮಕ್ಕಳ ಕಣ್ಣೆತ್ತರಕ್ಕೆ.